ಮಾಳಪ್ಪ ಸ್ನಾನಕ್ಕೆ ಹೋದದ್ದು

ಹುಮನಾಬಾದ್
೮ ನವೆಂಬರ್ ೨೦೨೪

ಪ್ರೀತಿಯ ಸೋನಾಲಿ ಅಕ್ಕಾ, ಪೊಲೀಸ್ ತರಬೇತಿಯ ಧೀರ ಅಭ್ಯರ್ಥಿಯೇ,

ಮೊಣಕಾಲು ನೋವು ಹೇಗಿದೆ? ಬೆಳಗಿನ ಓಟದಲ್ಲಿ ಇನ್ನೂ ನೀನೇ ಕೊನೆಯವಳೋ, ನಿನ್ನ ಹಿಂದೆಯೂ ಯಾರಾದರೂ ಪುಣ್ಯಾತ್ಗಿತ್ತಿ ಸಿಕ್ಕಿದ್ದಾಳೋ? ಅಪ್ಪ-ಅವ್ವ ಕುರಿಹಿಂಡಿನ ಜೊತೆ ಉಮರ್ಗಾ ದಾಟಿದ್ದಾರೆ. ಕುರಿಗಳು ಕ್ಷೇಮವಂತೆ; ಅವರಿಬ್ಬರ ವಿಷಯ ಕೇಳುವಷ್ಟರಲ್ಲಿ ಫೋನಿನ ಸಿಗ್ನಲ್ ಹೋಯಿತು. ನಾನು ಮಾತ್ರ ದಪ್ಪಗಾಗುತ್ತಿದ್ದೇನೆ, ಅಜ್ಜಿಯ ಪಾಲಿನ ರೊಟ್ಟಿಯೂ ನನಗೇ ಬರುತ್ತಿರುವುದರಿಂದ. ನಾಲ್ಕು ದಿನದಿಂದ ಅವಳು ಚಹಾ ಬಿಟ್ಟು ಏನನ್ನೂ ಮುಟ್ಟಿಲ್ಲ.

ವಿಚಾರಣೆಗೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆರೋಪಿ ನಾನೇ. ಬಸವಕಲ್ಯಾಣದ ಹೊಸ ವಸ್ತುಸಂಗ್ರಹಾಲಯದವರು ಕಾಲೇಜಿಗೆ ಬಂದು, ನಿಮ್ಮೂರಲ್ಲಿ ಹಳೆಯ ಕಲ್ಲುಗಳಿದ್ದರೆ ತಿಳಿಸಿ ಎಂದು ಫಾರಂ ಹಂಚಿದ್ದರು. ನಾನು ಅತ್ಯಂತ ಗಂಭೀರವಾಗಿ, 'ನಮ್ಮ ಹೊಲದ ಬದುವಿನಲ್ಲಿ ಚಾಲುಕ್ಯ ಚಕ್ರವರ್ತಿಗಳ ಖಾಸಾ ದೈವ ನೆಲೆಸಿದೆ' ಎಂದು ಬರೆದುಕೊಟ್ಟೆ. ನಗಲಿ ಅಂತ ಬರೆದದ್ದು. ಅವರು ನಗಲಿಲ್ಲ, ಗಾಡಿ ತಂದರು. ಬದುವಿನ ಕಲ್ಲುದೇವರು ನಮ್ಮ ಮಾಳಪ್ಪನನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿದರು. ಅಪ್ಪ ಊರಲ್ಲಿಲ್ಲವೆಂದು ನಾನೇ ಸಹಿ ಹಾಕಿದೆ. ಅಜ್ಜಿ ಕೇಳಿದಾಗ, ದೇವರನ್ನು ಸ್ನಾನಕ್ಕೆ ಒಯ್ಯುತ್ತಿದ್ದಾರೆ ಎಂದೆ. ಅವಳು ನಂಬಿದಳು. ಮಾಳಪ್ಪನಿಗೆ ತುತ್ತು ಇಡದೆ ತಾನು ಉಣ್ಣುವವಳಲ್ಲ, ನಿನಗೆ ಗೊತ್ತು. ಬಂದೇ ಬರುತ್ತಾನೆಂದು ತಿಂಗಳುಗಟ್ಟಲೆ ಕಲ್ಲು ಕಿತ್ತ ಬರೀ ಗುಂಡಿಯ ಮುಂದೆ ತುತ್ತಿಟ್ಟು ಉಂಡಳು.

ಮೊನ್ನೆ ಮಂಗಳವಾರ ಹಟ ಹಿಡಿದಳು: "ಎಷ್ಟ್ ದಿನದ ಸ್ನಾನಾನೋ ಇದು? ನಡಿ, ನಾನೇ ಕರ್ಕೊಂಡ್ ಬರ್ತೀನಿ." ಕರೆದುಕೊಂಡು ಹೋದೆ. ಒಳಗೆ ಮುಕ್ಕಾದ ಜಿನಮೂರ್ತಿ, ಗಾಜಿನ ಪೆಟ್ಟಿಗೆಯಲ್ಲಿ ತಾಮ್ರದ ನಾಣ್ಯ, ನಿಜಾಮನ ಕಾಲದ ಬಂದೂಕು, ಬಿದರಿ ಹುಕ್ಕಾ. ಅಜ್ಜಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಎಲ್ಲಕ್ಕೂ ಕೈಮುಗಿದಳು, ಹುಕ್ಕಾಕ್ಕೂ. ಕೊನೆಯ ಕೋಣೆಯಲ್ಲಿ ಎತ್ತರದ ಪೀಠದ ಮೇಲೆ ನಮ್ಮ ಕಲ್ಲು. ಅಕ್ಕಾ, ಅದು ಕರ್ರಗಿರಲಿಲ್ಲ. ತಲೆಮಾರುಗಳ ಎಣ್ಣೆ-ಕುಂಕುಮ ಇಳಿದು ಒಳಗಿನಿಂದ ಒಬ್ಬ ಹೆಂಗಸು ಎದ್ದು ಬಂದಿದ್ದಳು. ಮೇಲೆತ್ತಿದ ಕೈ, ಕೈತುಂಬ ಬಳೆ. ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲು ಎಂದು ಅಲ್ಲಿನ ಅಧಿಕಾರಿ ವಿಶಾಖಾ ಮೇಡಂ ಮೆತ್ತಗೆ ವಿವರಿಸಿದರು. ಅಜ್ಜಿ ನನ್ನ ಕಡೆ ತಿರುಗಿ, "ಅರವತ್ ವರ್ಷ ನಾ ಹೆಣ್ಮಗಳ ತಲಿಗಿ ರುಮಾಲ ಸುತ್ತೀನೇನೋ? ಇಕಿ ಯಾರೋ ಬ್ಯಾರೆ. ನಮ್ಮಾಂವ ಎಲ್ಲಾನ, ತೋರ್ಸು" ಎಂದಳು.

ಆಮೇಲೆ ಕೋಣೆಯಿಂದ ಕೋಣೆಗೆ ಹೋಗಿ ಒಂದೊಂದೇ ಕಲ್ಲಿನ ಹತ್ತಿರ ಬಗ್ಗಿ ಮೂಸಿದಳು. ತಾನು ಹಚ್ಚುತ್ತಿದ್ದ ಕುಸುಬಿ ಎಣ್ಣೆಯ ವಾಸನೆ ಹುಡುಕುತ್ತಿದ್ದಳು, ಕುರಿ ತನ್ನ ಮರಿಯನ್ನು ಮೂಸಿ ಹುಡುಕುವ ಹಾಗೆ. ಕಾವಲುಗಾರ "ಮುಟ್ಟಬ್ಯಾಡ್ರಿ ಆಯಿ" ಎನ್ನುತ್ತ ಹಿಂದೆ ಹಿಂದೆ ಬಂದ, ಪಾಪ, ಅವನ ದನಿಯೂ ಸಣ್ಣಗಾಗಿತ್ತು. ಊರಲ್ಲಿ ಯಾರನ್ನು ಬೇಕಾದರೂ ಎರಡು ಮಾತಲ್ಲಿ ನಗಿಸುವ ನಿನ್ನ ತಮ್ಮ ಅಲ್ಲಿ ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೋಣೆ ಕೋಣೆ ತಿರುಗಿದ. ವಾಪಸು ಕೊಡಿ ಎಂದು ಮೇಡಂಗೆ ಕೇಳಿದೆ. ದಾಖಲಾದದ್ದನ್ನು ಕೊಡಲು ಬರುವುದಿಲ್ಲವಂತೆ. ಕೊಟ್ಟರೂ ಏನು ಪ್ರಯೋಜನ? ಅಜ್ಜಿ ಕೇಳುತ್ತಿರುವುದು ಅದನ್ನಲ್ಲವಲ್ಲ.

ಹೊತ್ತುಹೊತ್ತಿಗೆ ಉಣ್ಣು, ಮೊಣಕಾಲಿಗೆ ಎಣ್ಣೆ ತಿಕ್ಕು. ನಿನ್ನ ಗೆಳತಿಯರಿಗೆಲ್ಲ ಈ ಕೈದಿಯ ಸವಿನಯ ವಂದನೆ.

ನಿನ್ನ ತಮ್ಮ,
ಅಮೃತ

ಮರೆತ ಮಾತು (೧೨ ನವೆಂಬರ್, ಮಂಗಳವಾರ, ಗಡಿಬಿಡಿಯಲ್ಲಿ): ಈ ಪತ್ರ ಒಯ್ಯಬೇಕಿದ್ದ ಅಬ್ದುಲ್ ಕರೀಂ ಚಾಚಾನ ಟೆಂಪೊ ಕೆಟ್ಟು ತಡವಾಯಿತು. ಅಷ್ಟರಲ್ಲಿ ನಾನು ಹಳ್ಳದಿಂದ ಒಂದು ಕಲ್ಲನ್ನು ಸೈಕಲ್ ಮೇಲೆ ತಂದು, ಎಣ್ಣೆ-ಕುಂಕುಮ ಬಳಿದು, ಗುಂಡಿಯಲ್ಲಿ ನಿಲ್ಲಿಸಿ, ಮಾಳಪ್ಪ ಬಂದ ಎಂದೆ. ಅಜ್ಜಿ ಅತ್ತಳು. ಹೊಸ ರುಮಾಲು ಸುತ್ತಿದಳು. ಮೂರು ರೊಟ್ಟಿ ಉಂಡಳು. ನನಗೆ ನಗು ಬರಲಿಲ್ಲ ಅಕ್ಕಾ. ಇವತ್ತು ನನಗೆ ಹೇಳದೆ ಕಾಯಿ-ಸಕ್ಕರೆ ಹಿಡಿದು ಬಸ್ಸು ಹತ್ತಿ, ವಿಶಾಖಾ ಮೇಡಂಗೆ ಉಪಕಾರ ಹೇಳಿ ಬಂದಿದ್ದಾಳೆ! "ಮೇಡಂ ಬಾಯಾರು ಭಾಳ ಖುಷಿ ಆದ್ರು. ಅಲ್ಲಿ ಇನ್ನೊಂದ್ ಕಲ್ಲ ಅದ ಅಂತ ಅವರಿಗಿ ಗೊತ್ತೇ ಇದ್ದಿಲ್ಲಂತ. ಗುರುವಾರ ನೋಡಾಕ ಬರ್ತಾರ" ಎನ್ನುತ್ತ ಅವರಿಗಾಗಿ ಹೋಳಿಗೆಗೆ ಬೇಳೆ ಹಸನು ಮಾಡುತ್ತಿದ್ದಾಳೆ. ಅವರು ಎಣ್ಣೆ ಕೆರೆದರೆ ಕೆಳಗೆ ಏನೂ ಇಲ್ಲ. ಕೆರೆಯಬೇಡಿ ಎನ್ನಲು ಅಜ್ಜಿಯ ಎದುರು ಯಾವ ಕಾರಣ ಹೇಳಲಿ? ಚಾಚಾ ನಿಮ್ಮ ಗೇಟಿನ ಹೊರಗೆ ಅರ್ಧ ಗಂಟೆ ನಿಂತಿರುತ್ತಾನೆ. ಏನು ಹೇಳಲೆಂದು ಒಂದು ಸಾಲಾದರೂ ಬರೆದು ಕೊಡು.