ಎಡಗಡೆಯ ಹೊಂಗೆ

ಧಾರವಾಡ, ಹದಿಮೂರನೆಯ ತಿಂಗಳ ಇಪ್ಪತ್ತೈದನೆಯ ದಿನ, ೨೩೮೬

ನಮಗಿಂತ ಮುಂಚೆ ಬದುಕಿದವರೇ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಹಂಸಿನಿ, ಹಳೆಯ ಚಿತ್ರಗಳನ್ನು ಶುಚಿಗೊಳಿಸಿ ಸರಿಪಡಿಸುವವಳು. ನೀವು ಇಂಪ್ರೆಷನಿಸ್ಟ್ ಎನ್ನುತ್ತಿದ್ದ ಬಗೆಯ ಚಿತ್ರವೊಂದು ನನ್ನ ಮೇಜಿಗೆ ಬಂದಿತ್ತು. ನೀಲಿ ನೀರಿನ ಪಕ್ಕ ಎರಡು ಮರ. ಮರದ ತುಂಬ ತಿಳಿಗುಲಾಬಿ ಚುಕ್ಕೆಗಳು. ಬೂಷ್ಟು ಹಿಡಿದಿದೆ ಎಂದುಕೊಂಡೆ.

ನಮ್ಮ ಮರಗಳಿಗೆ ನೆರಳುಗಂಬ ಎನ್ನುತ್ತೇವೆ. ನೀರು ಉಳಿಯಲೆಂದು ಹೂ ಬಿಡದ ಹಾಗೆ ಬೆಳೆಸಿದಂಥವು. ಕೆರೆಗಳೆಲ್ಲ ಮುಚ್ಚುಗೆರೆಗಳು, ನೀರು ಆವಿಯಾಗದಂತೆ ದಂಡೆಯಿಂದ ದಂಡೆಗೆ ಲೋಹದ ಹಾಳೆ ಹೊದಿಸಿದೆ. ನೀರಿನಲ್ಲಿ ಮರದ ಪ್ರತಿಬಿಂಬ ಬೀಳುವುದನ್ನು ನಾನು ಕಂಡವಳಲ್ಲ. ಹಾಗಾಗಿ ನೀಲಿಯಲ್ಲೂ ಅವೇ ಚುಕ್ಕೆಗಳು ಕಂಡಾಗ ಬೂಷ್ಟು ಹಬ್ಬಿದೆ ಎಂದೇ ಬಗೆದು, ಭೂತಗನ್ನಡಿ ಹಿಡಿದು ಹನ್ನೊಂದು ದಿನ ಒಂದೊಂದನ್ನೇ ಕೆರೆದೆ. ಎಡಗಡೆಯ ಮರ ಬೋಳಾಯಿತು. ಕೆಲಸ ಚೊಕ್ಕವಾಯಿತೆಂದು ಹಿಗ್ಗಿದೆ ಕೂಡ.

ಇವತ್ತು ಮಧ್ಯಾಹ್ನ ನನ್ನ ಅಜ್ಜಿ ನೀಲಗಂಗವ್ವ ಬುತ್ತಿ ತಂದಳು. ತೊಂಬತ್ತರ ಮುದುಕಿ, ಹಿಂದೆ ಕೆರೆಗೆ ಹಾಳೆ ಹೊದಿಸುವ ಕೆಲಸದಲ್ಲಿದ್ದವಳು. ಬಾಗಿಲಲ್ಲೇ ನಿಂತುಬಿಟ್ಟಳು.

“ಏನ್ ಮಾಡಾಕತ್ತೀ?”

“ಬೂಷ್ಟು ತೆಗ್ಯಾಕತ್ತೀನಬೇ.”

“ಬೂಷ್ಟಲ್ಲ ಅದು, ಹೂವು! ಹೊಂಗಿ ಹೂವು. ಅಲ್ಲಿಂದ ಏಳು, ಇಲ್ಲಿ ಬಂದು ನೋಡು.”

ಅವಳ ಪಕ್ಕ ನಿಂತು ತಿರುಗಿದೆ. ಹತ್ತು ಹೆಜ್ಜೆ ದೂರದಿಂದ ಚುಕ್ಕೆಗಳೆಲ್ಲ ಕೂಡಿಕೊಂಡು ಬಲಗಡೆಯ ಮರ ಮೈತುಂಬ ಅರಳಿ ನಿಂತಿತ್ತು. ಅದರ ಕೆಳಗೆ, ನೀರಿನಲ್ಲಿ, ಇನ್ನೊಂದು ಮರ ಅಲುಗಾಡಿದಂತಿತ್ತು. ಎಡಗಡೆ ನಾನು ಕೆರೆದ ಬರಿಯ ಕೊಂಬೆಗಳು.

“ನಿನಗ ಹೆಂಗ ಗೊತ್ತು?” ಎಂದೆ.

“ಹಾಳಿ ಕೂಡ್ರಸಾಕ ದಂಡಿ ಮ್ಯಾಲಿನ ಗಿಡಾ ಕಡೀಬೇಕಾಗಿತ್ತು. ಕಡದವ್ರಾಗ ನಾನೂ ಒಬ್ಬಾಕಿ. ತೆಲಿ ಮ್ಯಾಲೆಲ್ಲ ಹೂವು ಉದರಿದ್ವು.” ಆಮೇಲೆ ಮೆಲ್ಲಗೆ, “ಅರವತ್ತು ವರ್ಷ ಯಾರ ಮುಂದೂ ಹೇಳಿಲ್ಲ,” ಎಂದಳು.

ನಾವಿಬ್ಬರೂ ಬುತ್ತಿ ಬಿಚ್ಚಲಿಲ್ಲ. ಮೇಲಧಿಕಾರಿಯ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ. ಬಲಗಡೆಯದನ್ನು ನೋಡಿ ನಕಲು ಮಾಡು, ಯಾರಿಗೆ ತಿಳಿಯುತ್ತದೆ ಎಂದರು. ಒಲ್ಲೆನೆಂದು ಬಂದೆ.

ಅದಕ್ಕೇ ಈ ಪತ್ರ. ಅಕ್ಕಪಕ್ಕ ನಿಂತ ಎರಡು ಹೊಂಗೆಗಳು ಒಂದೇ ತೆರನಾಗಿ ಅರಳುತ್ತವೆಯೇ? ಅಜ್ಜಿಗೆ ನೆನಪಿಲ್ಲ, ಕೇಳಿದರೆ ಅಳುತ್ತಾಳೆ. ನಿಮ್ಮ ಊರಿನ ಕೆರೆ ದಂಡೆಗೆ ಯಾರಾದರೂ ಒಬ್ಬರು ಹೋಗಿ, ನೋಡಿ, ಬರೆದಿಡಿ; ನಮ್ಮ ಕಾಲಕ್ಕೆ ಉಳಿದುಬಂದ ಹಳೆಯ ಕಾಗದಗಳಲ್ಲಿ ಹುಡುಕಿಕೊಳ್ಳುತ್ತೇನೆ. ನಿಮ್ಮ ಉತ್ತರ ಸಿಗುವವರೆಗೆ ಆ ಮರವನ್ನು ಬೋಳಾಗಿಯೇ ಇಟ್ಟಿರುತ್ತೇನೆ.

ಹಂಸಿನಿ