ಎರಡು ಬಣ್ಣದ ತಲಬಾಗಿಲು

ಫೆಬ್ರುವರಿ 4, ರವಿವಾರ

ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಇವರು ಗೋಕಾಕದಿಂದ ಬಾಗಿಲಿನ ಬಣ್ಣದ ಶೇಡ್ ಕಾರ್ಡ್ ತಂದು ಪಡಸಾಲೆಯಲ್ಲಿ ಹರವಿಕೊಂಡಿದ್ದರು. ಮನೆ ಪಾಲಾಗಿ ಎರಡು ವರ್ಷ. ಅಡುಗೆಮನೆ ಬೇರೆ, ಮೀಟರ್ ಬೇರೆ. ಪಡಸಾಲೆ, ತಲಬಾಗಿಲು ಮಾತ್ರ ಒಂದೇ. ಬಾಗಿಲು ಸಾಗವಾನಿಯದು, ಮಾವ ಮಾಡಿಸಿದ್ದು. ಅದನ್ನೂ ಬಿಟ್ಟಿಲ್ಲ ಪುಣ್ಯಾತ್ಮರು — ಎಡ ಕದ ನಮ್ಮದು, ಬಲ ಕದ ಮೈದುನ ಮಹೇಶನದು. ಮಾತು ಬಿಟ್ಟ ಅಣ್ಣ-ತಮ್ಮ ಬಣ್ಣ ಹೇಗೆ ಆರಿಸುತ್ತಾರೆ? ನನ್ನ ಮುಖಾಂತರ.

"ವಾಲ್ನಟ್ ಅಂತ ಹೇಳ ಅವಗ."

ಮಹೇಶ ಎದುರಿಗೇ ಕೂತಿದ್ದಾನೆ. "ವೈನಿ, ಅಷ್ಟ ಕರ್ರಗ ಬ್ಯಾಡಂತ ಹೇಳ್ರಿ. ಹುಕ್ಕೇರ್ಯಾಗ ನಮ್ಮ ಮಾವನ ಮನೀದು ಹನಿ ಟೀಕ್ ಐತಿ, ಜೇನತುಪ್ಪದ ಬಣ್ಣ. ಲಕಲಕ ಹೊಳೀತೈತಿ."

ಒಬ್ಬ ಸಾಲಿ ಮಾಸ್ತರ, ಒಬ್ಬ ಫ್ಯಾಕ್ಟರಿ ಸುಪರ್‌ವೈಜರ್. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಫೆಬ್ರುವರಿ 6

ಬಡಿಗೇರ ಬಂದು ಹಳೆಯ ವಾರ್ನಿಶ್ ಕೆರೆದು, ಪಾಲೀಶ್ ಪೇಪರ್ ಉಜ್ಜಿ ಹೋದ. ಬಣ್ಣ ಅಣ್ಣ-ತಮ್ಮ ತಾವೇ ಹಚ್ಚುತ್ತಾರಂತೆ. ಗೋಕಾಕದಿಂದ ಒಂದು ಡಬ್ಬಿ, ಮೂಡಲಗಿಯಿಂದ ಒಂದು. ಅವರವರ ಕದಕ್ಕೆ ಅವರವರ ಬಣ್ಣ. ಕದದ ಹಿಂದೆ ಸ್ವಲ್ಪ ಹಚ್ಚಿ ನೋಡಿ ಅಂತ ಡಬ್ಬಿಯ ಮೇಲೇ ಬರೆದಿದೆ. ಪೇಪರಿನ ಜಾಹೀರಾತು ಕೂಡ ಬಿಡದೆ ಓದುವವರಿಗೆ ಇದು ಮಾತ್ರ ಕಾಣುವುದಿಲ್ಲ.

"ಚಂದ ಕೂಡಲಿಲ್ಲಂದ್ರ ನಡುವ ಗ್ವಾಡಿ ಕಟ್ಟಿ ಎರಡು ಬಾಗಲಾ ಮಾಡೂದು," ಅಂದರು ಇವರು.

ಮಧ್ಯಾಹ್ನ ನಾನು, ಮಹೇಶನ ಹೆಂಡತಿ, ನನ್ನ ನೆಗೆಣ್ಣಿ ವಿಜಯಲಕ್ಷ್ಮಿ ಕೂತು ಜೋಳ ಹಸನು ಮಾಡುವುದು ಈ ಪಡಸಾಲೆಯಲ್ಲೇ. ಈ ಮನೆಯಲ್ಲಿ ನನಗೆ ಮನುಷ್ಯಳು ಅಂತ ಇರುವವಳು ಅವಳೊಬ್ಬಳು. ಗೋಡೆ ಎದ್ದರೆ ಅವಳನ್ನು ನೋಡಲೂ ಇವರ ಪರವಾನಗಿ ಬೇಕು.

ಫೆಬ್ರುವರಿ 9, ಅಮಾವಾಸ್ಯೆ

ಅತ್ತೆ ಪಾರವ್ವ ಪ್ರತಿ ಅಮಾಸಿಗೆ ಮಾಡುವಂತೆ ಇವತ್ತೂ ಎರಡೂ ಕದಕ್ಕೆ ಕುಸುಬಿ ಎಣ್ಣೆ ತಿಕ್ಕಿದಳು. ಈ ಸಲ ಇನ್ನೂ ಜಾಸ್ತಿ. "ಕಟಗಿ ಬಿಳಚಿಕೊಂಡ ಕುಂತೈತಲ್ಲ, ಪಾಪ." ಗಂಡಸರಿಬ್ಬರೂ ಅವಳ ಪಕ್ಕದಲ್ಲೇ ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಫೆಬ್ರುವರಿ 11, ರವಿವಾರ

ಬೆಳಿಗ್ಗೆಯೇ ಇವರಿಗೆ ಹೇಳಿದೆ — "ಅತ್ತಿ ಎಣ್ಣಿ ಹಚ್ಚ್ಯಾರ್ರಿ. ತಿನ್ನರ್ ಹಾಕಿ ಒರಸಿ ಆಮ್ಯಾಲ ಹಚ್ಚ್ರಿ."

"ನೀ ಒಳಗ ನಡಿ. ಬಣ್ಣದಾಗ ನಿನಗೇನ ತಿಳೀತೈತಿ."

ಆಯಿತಪ್ಪ. ಒಳಗೆ ನಡೆದೆ.

ಫೆಬ್ರುವರಿ 12

ಎರಡೂ ಕದ ಅಂಟು ಅಂಟು. ಒಂದು ಕಡೆ ಕಪ್ಪು, ಒಂದು ಕಡೆ ಹಳದಿ, ನಡುನಡುವೆ ಬೋಳು. ಕೈ ಇಟ್ಟರೆ ಬಣ್ಣ ಕೈಗೇ ಬರುತ್ತದೆ. ಎರಡು ವರ್ಷದ ಮೇಲೆ ಅಣ್ಣ-ತಮ್ಮ ನೇರ ಮಾತಾಡಿದರು.

"ನನ್ನ ಕದಕ್ಕ ಎಣ್ಣಿ ಬಳದವ ನೀನಽ." ನಿನ್ನೆ ನಾನು ಹೇಳಿದ್ದು ಇವರ ಕಿವಿಗೇ ಬಿದ್ದಿಲ್ಲ.

"ನೀ ಬಳದಿರಬೇಕ. ಹೊಟ್ಟಿಕಿಚ್ಚ ನಿಂದು."

ಅತ್ತೆ ಎಲೆ ಅಡಿಕೆ ಮೆಲ್ಲುತ್ತ, "ನಾ ಹಚ್ಚೇನಿ. ಯಾವಾಗಿಂದ ಹಚ್ಚಾಕತ್ತೇನಿ, ನಿಮ್ಮ ಕಣ್ಣ ಎಲ್ಲಿದ್ದುವು?" ಅಂದಳು. ಅವಳು ಹೊರಗೆ ಹೋಗಿ ಉಗುಳಿ ಬಂದಳು.

ಫೆಬ್ರುವರಿ 13

ಸಂಜೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ನಂಬಲಾಗಲಿಲ್ಲ. ಹುಚ್ಚಿಯಂತೆ ಖುಷಿಪಟ್ಟೆ. ರವೆ ಹುರಿದು ಶಿರಾ ಮಾಡಿದೆ, ವಿಜಿ ತುಪ್ಪ ತಂದಳು. ತಟ್ಟೆ ಹಿಡಿದು ಹೋದಾಗ ಇಟ್ಟಂಗಿ, ಸಿಮೆಂಟು ಅಂತ ಮಾತು ನಡೆದಿತ್ತು. ಕೊನೆಗೂ ಒಂದಾದರು — ಗೋಡೆ ಕಟ್ಟಲು. ಶಿರಾ ಚೆನ್ನಾಗಿದೆ ಅಂತ ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು.

ಫೆಬ್ರುವರಿ 25, ರವಿವಾರ, ಸಂಜೆ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಕದಗಳು ಹಿತ್ತಲಲ್ಲಿ ಬಿದ್ದಿವೆ. ಪಡಸಾಲೆಯ ನಡುವೆ ಗೋಡೆ ಮೊಣಕಾಲಿನ ತನಕ ಎದ್ದಿದೆ. ಉಳಿದದ್ದು ನಾಳೆ ಅಂತ ಗೌಂಡಿ ಹೋದ. ಅಣ್ಣ-ತಮ್ಮ ಒಂದೇ ಗಾಡಿಯಲ್ಲಿ ಮೂಡಲಗಿಗೆ ಹೋಗಿದ್ದಾರೆ, ಹೊಸ ಬಾಗಿಲುಗಳಿಗೆ ಬಣ್ಣ ತರಲು. ಎರಡಕ್ಕೂ ಒಂದೇ ಬಣ್ಣ ಇರಲಿ, ಚಂದ ಕಾಣುತ್ತದೆ ಅಂತ ಈಗ ತೀರ್ಮಾನವಾಗಿದೆಯಂತೆ. ಥೂ.

ವಿಜಿ ಆ ಕಡೆಯಿಂದ ಕರೆಯುತ್ತಿದ್ದಾಳೆ. "ಅಕ್ಕಾ, ಬರ್ರಿ ಈ ಕಡಿ. ಇನ್ನೂ ದಾಟಾಕ ಬರತೈತಿ."

ಸೀರೆ ಎತ್ತಿ ಕಟ್ಟಿದ್ದೇನೆ. ಹೋಗಿ ಬಂದು ಉಳಿದದ್ದು ಬರೆಯುತ್ತೇನೆ.