ಗೇಟಿನ ಮೇಲಿನ ಮುಖ

ಹೆಡ್‌ಮಿಸ್ ಮೇಡಂ ಅವರಿಗೆ,

ನಮಸ್ಕಾರ. ನಾನು ನಿಮ್ಮ ಶಾಲೆಯ ಎದುರುಮನೆ ಟೈಲರ್. "ಇಂಥ ಮಗು ನಮ್ಮಲ್ಲಿ ಹೊಂದಲ್ಲಮ್ಮ" ಅಂತ ಹೋದ ವರ್ಷ ನೀವು ವಾಪಸ್ ಕಳಿಸಿದ ಹುಡುಗಿಯ ತಾಯಿ.

ಆಟಿಸಂ ಜಾಗೃತಿಗೆ ಅಂತ ದೇಶದ ತುಂಬಾ ಅಂಟಿಸಿರೋ ಪೋಸ್ಟರಿನಲ್ಲಿ ನಗ್ತಿರೋಳು ನನ್ನ ಮಗಳೇ. "ಇವರೂ ನಮ್ಮವರೇ" ಅಂತ ಬರೆದಿರೋ ಅದನ್ನ ನೀವು ನಿಮ್ಮ ಗೇಟಿಗೇ ಅಂಟಿಸಿದ್ದೀರಿ. ಮುಖ ಗುರುತು ಸಿಗಲಿಲ್ಲ, ಅಲ್ವಾ?

ಮನೇಲಿ ಅವಳ ಕುರ್ಚಿಗೆ, ತಟ್ಟೆಯ ಗೂಡಿಗೆ, ಬ್ಯಾಗು ನೇತುಹಾಕೋ ಮೊಳೆ ಪಕ್ಕ ಅವಳ ಫೋಟೋ ಅಂಟಿಸಿದ್ದೀನಿ. ಫೋಟೋ ಇರೋ ಕಡೆ ನಿನ್ನ ಜಾಗ ಅಂತ ಕಲಿಸೋಕೆ ಎರಡು ವರ್ಷ ಹಿಡೀತು. ಈಗ ದಿನಾ ಬೆಳಿಗ್ಗೆ ನಿಮ್ಮ ಗೇಟಿಗೆ ಬ್ಯಾಗು ನೇತುಹಾಕಿ, ಪೋಸ್ಟರಿನ ಕೆಳಗೆ ನಿಂತ್ಕೋತಾಳೆ.

ನಿನ್ನೆ ನಿಮ್ಮ ವಾಚ್‌ಮನ್ ಬ್ಯಾಗು ರಸ್ತೆಗೆಸೆದು, ಅವಳ ರಟ್ಟೆ ಹಿಡಿದು ದಬ್ಬಿದ. "ಜಾಗೃತಿ ಕಾರ್ಯಕ್ರಮಕ್ಕೆ ಅತಿಥಿಗಳು ಬರ್ತಾರೆ, ಮೇಡಂ ಹೇಳಿದಾರೆ" ಅಂದ. ಹೇಳೋದು ಆಚಾರ, ಮಾಡೋದು ಅನಾಚಾರ.

ಇಲ್ಲ ಪೋಸ್ಟರ್ ಕೀಳಿ, ಇಲ್ಲ ಗೇಟು ತೆಗೀರಿ. ನಾಳೆನೂ ಅವಳು ಬರ್ತಾಳೆ, ಜೊತೆಗೆ ನಾನೂ ನಿಲ್ತೀನಿ. ಫೋಟೋನೂ ಸುಳ್ಳು ಹೇಳುತ್ತೆ ಅಂತ ಅವಳಿಗೆ ಕಲಿಸೋದು ನನ್ನಿಂದಾಗಲ್ಲ. ಟೀಚರ್ ನೀವು. ನೀವೇ ಕಲಿಸಿ.

ಇಂತಿ,
ನಿಮ್ಮ ಪೋಸ್ಟರಿನ ಹುಡುಗಿಯ ಅಮ್ಮ